ಟ್ವೈಲಾ ಹಿಂದಕ್ಕೆ ತೆಗೆದುಕೊಂಡ ಸಾಕ್ಷಿ

ದೇವರಿಗೆ ಕೊಟ್ಟ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಂಡಿದ್ದಕ್ಕೇ ಟ್ವೈಲಾ ಸತ್ತಳು ಎಂದು ನಮ್ಮ ಕ್ರೇನ್ ಫೋರ್ಕ್ ಕಣಿವೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಶುದ್ಧ ಸುಳ್ಳು. ಅವಳನ್ನು ಕೊಂದವರು ನಾವು, ಅದರಲ್ಲೂ ನಾನು. ಇದನ್ನು ಹೇಳಲು ನನಗೇನೂ ಹೆಮ್ಮೆಯಿಲ್ಲ, ಆದರೆ ಇನ್ನು ಬಾಯಿ ಮುಚ್ಚಿಕೊಂಡು ಕೂರಲಾರೆ.

ನನ್ನ ಹೆಸರು ವೆಲ್ಡಾ, ವಯಸ್ಸು ಅರವತ್ತೆರಡು. ನಮ್ಮ ಚರ್ಚಾದ ಪವಿತ್ರ ಸಭೆಯ ಹೆಂಗಸರಿಗೆಲ್ಲ ಬಟ್ಟೆ ಹೊಲಿಯುವವಳು ನಾನೇ. ನಮ್ಮಲ್ಲಿ ಹೆಂಗಸರು ಕೂದಲು ಕತ್ತರಿಸುವಂತಿಲ್ಲ, ಕುತ್ತಿಗೆಯಿಂದ ಕಾಲಿನ ಗಂಟಿನವರೆಗೆ ಮೈ ಕಾಣುವಂತಿಲ್ಲ. ಅಂಥ ಬಟ್ಟೆ ಪೇಟೆಯಲ್ಲಿ ಎಲ್ಲಿ ಸಿಗಬೇಕು? ಹಾಗಾಗಿ ಟ್ವೈಲಾಳ ಎದೆಯ ಮೇಲಿನ ಗೆರೆಯನ್ನು ಅವಳ ಗಂಡನಿಗಿಂತ ಮೊದಲೇ ನೋಡಿದವಳು ನಾನು. ಗಂಟಲಿನ ಗುಳಿಯಿಂದ ಹೊಟ್ಟೆ ಶುರುವಾಗುವ ತನಕ ನೇರವಾದ ಬಿಳಿ ಗೆರೆ. ಅದು ಕಾಣದಿರಲೆಂದು ಅವಳ ಅಂಗಿಗೆ ಮಾತ್ರ ಒಂದು ಗುಂಡಿ ಹೆಚ್ಚು ಹಾಕುತ್ತಿದ್ದೆ.

ಅವಳು ಹುಟ್ಟುವಾಗಲೇ ಹೃದಯದ ಕೋಣೆಗಳ ನಡುವೆ ಇರಬೇಕಾದ ಗೋಡೆ ಇರಲಿಲ್ಲ. ತಾಯಿ ಯಾವನೋ ಒಬ್ಬನ ಜೊತೆ ಒಹಾಯೊ ಕಡೆ ಹೋದವಳು ತಿರುಗಿ ನೋಡಲಿಲ್ಲ. ಸಾಕಿದವಳು ಅಜ್ಜಿ ಓರ್ಲೀನಾ. ನಾಲ್ಕನೇ ವರ್ಷಕ್ಕೆ ನಗರದ ದೊಡ್ಡಾಸ್ಪತ್ರೆಯಲ್ಲಿ ಎದೆ ಬಿಚ್ಚಿ, ಗೋಡೆಯ ಜಾಗಕ್ಕೆ ತೇಪೆ ಹಾಕಿ, ಕವಾಟ ಹೊಲಿದು ಕಳಿಸಿದರು. ಕಳಿಸುವಾಗ ಡಾಕ್ಟರು ಓರ್ಲೀನಾಳನ್ನು ಕೂರಿಸಿಕೊಂಡು ಹೇಳಿದ್ದರಂತೆ: "ನೋಡಿ ಅಮ್ಮ, ಹುಡುಗಿ ಬೆಳೀತಾಳೆ, ನಾವು ಹೊಲಿದಿದ್ದು ಬೆಳೆಯಲ್ಲ. ವರ್ಷಕ್ಕೊಂದು ಸಲ ಕರ್ಕೊಂಬನ್ನಿ. ಮುಂದೆ ಮದುವೆ ಆಗಿ ಬಸುರಾಗೋಕೆ ಮುಂಚೆ ಮಾತ್ರ ಮರೀಲೇಬೇಡಿ."

ಐದು ವರ್ಷ ಓರ್ಲೀನಾ ಮರೆಯಲಿಲ್ಲ. ಟ್ವೈಲಾಗೆ ಒಂಬತ್ತು ವರ್ಷವಾದಾಗ ಮೇ ತಿಂಗಳ ಮೊದಲ ಭಾನುವಾರ ನಮ್ಮ ಸಭಾಪಾಲಕರಾದ ಬ್ರದರ್ ಎಲ್ಕಾನಾ ಅವಳ ಹಣೆಗೆ ಎಣ್ಣೆ ಹಚ್ಚಿ, ತಲೆಯ ಮೇಲೆ ಕೈಯಿಟ್ಟು, ಗಂಟಲು ಹರಿಯುವಂತೆ ಪ್ರಾರ್ಥನೆ ಮಾಡಿದರು. ಮಗು ನೆಲಕ್ಕೆ ಬಿತ್ತು. ಎದ್ದ ಮೇಲೆ "ಎದೆಯಲ್ಲಿ ಏನಾಯ್ತು ಮಗಳೇ?" ಎಂದು ಕೇಳಿದರು. ಅದು ಅಜ್ಜಿಯ ಮುಖ ನೋಡಿತು. ಅಜ್ಜಿ ತಲೆಯಾಡಿಸಿದಳು. "ತಣ್ಣಗಾಯ್ತು" ಎಂದಿತು ಮಗು. ಅಷ್ಟೇ ಸಾಕಾಯಿತು. ಓರ್ಲೀನಾ ಮನೆಗೆ ಓಡಿ, ಆಸ್ಪತ್ರೆಯ ಕಡತ ತಂದು, ಸಭೆಯ ಕಲ್ಲಿದ್ದಲ ಒಲೆಯ ಬಾಯಿ ತೆಗೆದು ಒಂದೊಂದೇ ಹಾಳೆ ಹಾಕಿದಳು. ಎಕ್ಸ್‌ರೇ ಸುಟ್ಟ ವಾಸನೆಗೆ ನಮಗೆಲ್ಲ ಕೆಮ್ಮು ಬಂತು. ಕೆಮ್ಮುತ್ತಲೇ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ನಮ್ಮ ಸಭೆಯ ಕಟ್ಟಳೆ ಇಷ್ಟೇ. ಹಲ್ಲು ನೋವಿಗೆ, ಮುರಿದ ಕಾಲಿಗೆ, ಹೆರಿಗೆಗೆ ಡಾಕ್ಟರ ಹತ್ತಿರ ಹೋಗಬಹುದು, ಯಾರೂ ಬೇಡ ಅನ್ನುವುದಿಲ್ಲ. ಆದರೆ ಯಾವ ರೋಗ ದೇವರಿಂದ ಗುಣವಾಯಿತೆಂದು ಎದ್ದು ನಿಂತು ಸಾಕ್ಷಿ ಹೇಳಿದ್ದೀರೋ, ಅದೇ ರೋಗಕ್ಕೆ ಮತ್ತೆ ಮದ್ದು ಹುಡುಕಿದರೆ ದೇವರನ್ನೇ ಸುಳ್ಳುಗಾರ ಮಾಡಿದ ಹಾಗೆ. ಹೋಗಲೇಬೇಕೆಂದರೆ ಮೊದಲು ಎಲ್ಲರ ಮುಂದೆ ಎದ್ದು ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಹಾಗೆ ಮಾಡಿದವರನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಟ್ವೈಲಾ ಪ್ರತಿ ಮೇ ತಿಂಗಳು ಎದ್ದು "ದೇವರು ನನ್ನ ಹೃದಯ ವಾಸಿ ಮಾಡಿದ" ಎನ್ನುತ್ತಿದ್ದಳು, ಹದಿನೈದು ವರ್ಷ. ಅವಳನ್ನು ನೋಡಲು ಪಕ್ಕದ ಕಣಿವೆಗಳಿಂದ ಜನ ಬರುತ್ತಿದ್ದರು.

ಹಾಗೆಂದು ಪುಕ್ಕಲು ಹುಡುಗಿಯಲ್ಲ ಅವಳು. ನಾಲಿಗೆ ಕತ್ತರಿಯಂಥದು. ಸಭೆಯ ಊಟದಲ್ಲಿ ಎಲ್ಲರೆದುರೇ "ವೆಲ್ಡಾ ಆಂಟಿ, ನಿಮ್ಮ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯೋಕೆ ಹುರುಳಿ ಸಾರು ಸಾಲದು, ಪ್ರಾರ್ಥನೇನೇ ಮಾಡ್ಬೇಕು" ಎನ್ನುವಳು. ನಾನು ಸೌಟು ಎತ್ತಿದರೆ ನಗುತ್ತಾ ಪಕ್ಕಕ್ಕೆ ಸರಿಯುವಳು, ಓಡುತ್ತಿರಲಿಲ್ಲ. ಅವಳು ಓಡಿದ್ದನ್ನು ಯಾರೂ ನೋಡಿಲ್ಲ. ಸಭೆಯ ದಿಬ್ಬ ಹತ್ತುವಾಗ ಮೂರು ಕಡೆ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವಳು. "ಲೇಸಿಲ್ಲದ ಶೂ ಹಾಕ್ಕೊಂಡು ಬಂದ ದಿನಾನೂ ಲೇಸು ಕಟ್ತಾಳೆ, ಮೈಗಳ್ಳಿ" ಎಂದು ನಾವು ಆಡಿಕೊಂಡು ನಗುತ್ತಿದ್ದೆವು. ಉಸಿರಿಗೆ ನಿಲ್ಲುತ್ತಾಳೆ ಎಂದು ನಮಗೆ ಹೊಳೆಯಲಿಲ್ಲವೇ? ಹೊಳೆದಿತ್ತು. ಹೊಳೆದದ್ದನ್ನು ನುಂಗಿಕೊಂಡೆವು.

ಇಪ್ಪತ್ತಮೂರಕ್ಕೆ ಬ್ರದರ್ ಎಲ್ಕಾನಾರ ಮಗ ಡಾರ್ಸಿಯ ಜೊತೆ ಮದುವೆಯಾಯಿತು. ಡಾರ್ಸಿ ಕಲ್ಲಿದ್ದಲು ಲಾರಿಗಳ ರಿಪೇರಿ ಮಾಡುತ್ತಾನೆ. ಆನೆಯಂಥ ಮೈ, ಅಪ್ಪನೆದುರು ಇಲಿಯಂಥ ದನಿ. ಹೆಂಡತಿಯ ಮೇಲೆ ಅವನಿಗೆ ಪ್ರಾಣ, ಅದರಲ್ಲಿ ಸುಳ್ಳಿಲ್ಲ. ಓರ್ಲೀನಾ ಮದುವೆ ನೋಡಿ ಕಣ್ಣು ಮುಚ್ಚಿದಳು. ಮರು ವರ್ಷ ಟ್ವೈಲಾ ಬಸುರಾದಳು.

ಆರನೇ ತಿಂಗಳಲ್ಲಿ ಅಂಗಿಯ ಹೊಲಿಗೆ ಬಿಚ್ಚಿಸಿ ಅಗಲ ಮಾಡಿಸಲು ನನ್ನ ಮನೆಗೆ ಬಂದಾಗ ಅವಳ ಕಾಲು ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ತುಟಿಯ ಬಣ್ಣ ಸರಿಯಿರಲಿಲ್ಲ.

"ಆಂಟಿ, ಮಲಗೋಕೆ ಆಗಲ್ಲ. ಮಲಗಿದ್ರೆ ಮುಳುಗಿದ ಹಾಗಾಗತ್ತೆ. ಕುರ್ಚೀಲೇ ಕೂತು ನಿದ್ದೆ ಮಾಡ್ತೀನಿ. ನಿಮಗೂ ಹೀಗಾಗಿತ್ತಾ?"

"ಎಲ್ಲಾ ಬಸುರಿಯರದ್ದೂ ಇದೇ ಗೋಳು ಕಣೇ. ನೀನೊಬ್ಬಳೇ ಏನು ಹೆರ್ತಿರೋದು?" ಎಂದೆ. ಮೂರು ಹೆತ್ತ ನಾನು ಒಂದು ದಿನವೂ ಕುರ್ಚಿಯಲ್ಲಿ ಮಲಗಿದವಳಲ್ಲ.

ಏಳನೇ ತಿಂಗಳು ಹಿಡಿದಾಗ ನಾನೇ ನನ್ನ ಕಾರಿನಲ್ಲಿ ಕೆಳಗಿನ ಊರಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ನಮ್ಮವರು ಹೆರಿಗೆಗೆ ಹೆಸರು ಬರೆಸುವುದೇ ಅಷ್ಟು ತಡವಾಗಿ. ಅವತ್ತು ಬುಧವಾರ. ನರ್ಸಮ್ಮ ಫಾರಂ ತುಂಬುತ್ತ "ಮುಂಚೆ ಹೃದಯದ ತೊಂದರೆ ಏನಾದ್ರೂ ಇತ್ತಾ?" ಎಂದಳು. ಟ್ವೈಲಾ ನನ್ನ ಮುಖ ನೋಡಿದಳು, ಒಂಬತ್ತನೇ ವಯಸ್ಸಿನಲ್ಲಿ ಅಜ್ಜಿಯ ಮುಖ ನೋಡಿದ ಹಾಗೆಯೇ. ನಾನು "ಚಿಕ್ಕಂದಿನಲ್ಲಿತ್ತು, ಗುಣ ಆಗಿದೆ" ಎಂದೆ.

ನರ್ಸಮ್ಮ ಗುಂಡಿ ಬಿಚ್ಚಿ ಆ ಗೆರೆ ನೋಡಿದಳು. ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದಳು. ಆಮೇಲೆ ಪೆನ್ನು ಕೆಳಗಿಟ್ಟಳು.

"ಯಾರ್ರೀ ಹೇಳಿದ್ದು ಗುಣ ಆಗಿದೆ ಅಂತ? ಕವಾಟ ಸೋರ್ತಿದೆ, ರಕ್ತ ಹಿಂದಕ್ಕೆ ಬಂದು ಶ್ವಾಸಕೋಶಕ್ಕೆ ಒತ್ತುತ್ತಿದೆ. ಬಸುರಲ್ಲಿ ರಕ್ತ ಒಂದೂವರೆ ಪಟ್ಟು ಆಗತ್ತೆ, ಈ ಹೃದಯ ಅಷ್ಟನ್ನ ತಳ್ಳಲಾರದು. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ ಸೇರ್ಕೊಳ್ಳಮ್ಮ. ಹೃದಯದ ಡಾಕ್ಟ್ರು, ಹೆರಿಗೆ ಡಾಕ್ಟ್ರು ಇಬ್ಬರೂ ಒಟ್ಟಿಗೆ ನೋಡ್ತಾರೆ. ನೀರು ಇಳಿಸಿ, ಮಾತ್ರೆ ಕೊಟ್ಟು, ಸಮಯ ನೋಡಿ ಹೆರಿಗೆ ಮಾಡಿಸ್ತಾರೆ. ಹೆದರ್ಬೇಡ, ನಿನ್ನಂಥವರು ಬೇಕಾದಷ್ಟು ಜನ ಮಗು ಎತ್ಕೊಂಡು ಮನೆಗೆ ಹೋಗಿದ್ದಾರೆ. ಆದ್ರೆ ತಡ ಮಾಡಿದ್ರೆ ನಾನು ಏನೂ ಹೇಳಲಾರೆ."

ಹೊರಗೆ ಕಾರಿನಲ್ಲಿ ಕೂತ ಮೇಲೆ ಟ್ವೈಲಾ ಬೆಲ್ಟು ಹಾಕಿಕೊಳ್ಳಲೇ ಇಲ್ಲ.

"ಆಂಟಿ, ಹೀಗೇ ಹೋಗಿಬಿಡೋಣ."

"ಎಲ್ಲಿಗೆ?"

"ನಗರಕ್ಕೆ. ಎರಡು ಗಂಟೆ ದಾರಿ. ಹೆರಿಗೆಗೆ ಸೇರಿದ್ಳು ಅಂತ ಹೇಳಿ ಊರವರಿಗೆ. ಹೃದಯದ ಮಾತು ನಿಮ್ಮ ಹೊಟ್ಟೇಲೇ ಇರ್ಲಿ."

"ಗೊತ್ತಾಗದೇ ಇರತ್ತೇನೇ? ನಿನ್ನ ಮಾವ ಪ್ರಾರ್ಥನೆ ಮಾಡೋಕೆ ಆಸ್ಪತ್ರೆಗೆ ಬರಲ್ವಾ? ಮಂಚದ ತಲೆಗೆ ಬರೆದು ಹಾಕಿರ್ತಾರೆ, ಓದಲ್ವಾ?"

"ಓದ್ಲಿ ಬಿಡಿ. ನನಗೆ ಬದುಕ್ಬೇಕು ಆಂಟಿ. ಈ ಮಗೂನ ನಾನೇ ಬೆಳೆಸ್ಬೇಕು. ನನ್ನಮ್ಮನ ಹಾಗೆ ಬಿಟ್ಟು ಹೋಗಲಾರೆ."

ನಾನು ಗಾಡಿ ತಿರುಗಿಸಿದ್ದು ಊರ ಕಡೆಗೆ.

ಯಾಕೆ ಎಂದು ಈಗ ಹೇಳಿಬಿಡುತ್ತೇನೆ. ನನಗೆ ಸಕ್ಕರೆ ಕಾಯಿಲೆ. ಹನ್ನೊಂದು ವರ್ಷದ ಹಿಂದೆ ಬ್ರದರ್ ಎಲ್ಕಾನಾ ನನ್ನ ತಲೆಯ ಮೇಲೂ ಕೈಯಿಟ್ಟಿದ್ದರು, ನಾನೂ ಎದ್ದು ನಿಂತು ಗುಣವಾಯಿತು ಎಂದಿದ್ದೆ. ಅಂದಿನಿಂದ ದಿನಾ ಎರಡು ಹೊತ್ತು, ಮೂರು ಊರಾಚೆಯ ಅಂಗಡಿಯಿಂದ ತಂದ ಮಾತ್ರೆ ನುಂಗುತ್ತೇನೆ. ಟ್ವೈಲಾಳನ್ನು ಕದ್ದು ಕರೆದುಕೊಂಡು ಹೋದವಳು ವೆಲ್ಡಾ ಎಂದಾದರೆ ನಾಳೆ ಎಲ್ಲರ ಕಣ್ಣೂ ನನ್ನ ಮನೆಯ ಬೀರುವಿನ ಮೇಲೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ ನನ್ನದು. ಮಾತ್ರೆಯಿಂದ ಬದುಕಿರುವ ನಾನು, ಮಾತ್ರೆ ಬೇಕೆಂದ ಹುಡುಗಿಗೆ "ನಂಬಿಕೆ ಗಟ್ಟಿ ಮಾಡ್ಕೋ" ಎಂದು ಬುದ್ಧಿ ಹೇಳಿದೆ. ಥೂ, ನನ್ನ ಜನ್ಮಕ್ಕೆ.

ಡಾರ್ಸಿಗೆ ಅವಳು ಅಂದೇ ಹೇಳಿದಳು. "ಕರ್ಕೊಂಡು ಹೋಗ್ತೀನಿ, ಆದ್ರೆ ಮೊದಲು ಸಭೇಲಿ ಹೇಳ್ಬಿಡು, ಅಪ್ಪನ ಮುಖಕ್ಕೆ ಮಸಿ ಬಳಿಯೋದು ಬೇಡ" ಎಂದನಂತೆ. ಭಾನುವಾರದವರೆಗೆ ನಾಲ್ಕು ದಿನ ಹೀಗೆ ಹೋಯಿತು. ಅಂಥ ಹೃದಯಕ್ಕೆ ನಾಲ್ಕು ದಿನ!

ಭಾನುವಾರ ದಿಬ್ಬ ಹತ್ತುವಾಗ ಅವಳು ಲೇಸು ಕಟ್ಟುವ ನಾಟಕ ಆಡಲಿಲ್ಲ. ನಡುದಾರಿಯಲ್ಲೇ ನಿಂತು, ಡಾರ್ಸಿಯ ತೋಳು ಹಿಡಿದು ಏದುಸಿರು ಬಿಟ್ಟಳು. ಸಾಕ್ಷಿಯ ಹೊತ್ತು ಬಂದಾಗ ಎದ್ದು ನಿಂತಳು.

"ನಾನು ನನ್ನ ಸಾಕ್ಷಿ ಹಿಂದಕ್ಕೆ ತಗೋತೀನಿ. ನನ್ನ ಹೃದಯ ವಾಸಿ ಆಗಿಲ್ಲ."

ಬ್ರದರ್ ಎಲ್ಕಾನಾ ಕೂಗಾಡುವವರಲ್ಲ. ಕೋಪ ಬಂದಷ್ಟೂ ದನಿ ಸಣ್ಣದು ಮಾಡುತ್ತಾರೆ. "ಹದಿನೈದು ವರ್ಷ ಹೇಳಿದ್ದು ಸುಳ್ಳಾ ಮಗಳೇ?"

"ಆಗ ನನಗೆ ಒಂಬತ್ತು ವರ್ಷ ಮಾವ. ಅಜ್ಜಿ ತಲೆ ಆಡಿಸಿದ್ಳು, ನಾನು ಹೇಳಿದೆ."

"ಸತ್ತವಳ ಮೇಲೆ ಹಾಕ್ತೀಯಾ? ಒಂಬತ್ತಕ್ಕೆ ಗೊತ್ತಿರಲಿಲ್ಲ, ಸರಿ. ಹತ್ತೊಂಬತ್ತಕ್ಕೆ? ಇಪ್ಪತ್ತಮೂರಕ್ಕೆ, ನನ್ನ ಮಗನ ಪಕ್ಕ ನಿಂತಾಗ?"

"ಆಗ ನಿಮಗೆಲ್ಲ ಹೆದರ್ತಿದ್ದೆ. ಈಗ ಸಾಯೋಕೆ ಹೆದರ್ತೀನಿ. ಮಗು ಇದೆ ಮಾವ, ನನ್ನ ಮಗು."

ಹಿಂದಿನ ಬೆಂಚಿನಲ್ಲಿ ಯಾರೋ ಹಾಡು ಎತ್ತಿದರು, ಅವಳ ದನಿ ಮುಚ್ಚಲೆಂದು. ಬ್ರದರ್ ಕೈಯೆತ್ತಿ ನಿಲ್ಲಿಸಿದರು. "ನಾನು ಯಾರನ್ನೂ ಕಟ್ಟಿ ಹಾಕಲ್ಲ. ಇವಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಇದ್ರೆ ಎದ್ದು ನಿಲ್ಲಿ. ಈಗಲೇ ಹೋಗಿ. ಆದ್ರೆ ಈ ಬಾಗಿಲಿಗೆ ತಿರುಗಿ ಬರ್ಬೇಡಿ."

ಡಾರ್ಸಿ ನೆಲ ನೋಡಿದ. ಕಾಲು ಹಿಂದಕ್ಕೆ ಎಳೆದುಕೊಂಡ, ಇನ್ನೇನು ಎದ್ದ ಎಂದುಕೊಂಡೆ. ಏಳಲಿಲ್ಲ. ಟ್ವೈಲಾ ಒಂದೊಂದೇ ಬೆಂಚು ನೋಡುತ್ತ ಬಂದು ನನ್ನ ಮೇಲೆ ಕಣ್ಣು ನಿಲ್ಲಿಸಿದಳು. ಕಾರಿನ ಕೀಲಿ ನನ್ನ ಮಡಿಲಲ್ಲಿದ್ದ ಕೈಚೀಲದಲ್ಲಿತ್ತು. ನಾನು ಕೈಚೀಲದ ಜಿಪ್ಪು ಎಳೆದೆ. ತೆಗೆಯಲು ಅಲ್ಲ, ಮುಚ್ಚಲು.

ಅವಳು ಕೂತಳು. ನಾವು ಹಾಡಿದೆವು.

ಗುರುವಾರ ಬೆಳಿಗ್ಗೆ ಕಾಫಿ ಹೊತ್ತಿಗೆ ಡಾರ್ಸಿ ನನ್ನ ಬಾಗಿಲು ಬಡಿದ. ಅಂಗಿಯ ಮೇಲೆಲ್ಲ ನಸುಗೆಂಪು ನೊರೆ. "ಆಂಟಿ, ಅವಳ ಬಾಯಿಂದ ಬರ್ತಿದೆ" ಎಂದ. ಆಂಬುಲೆನ್ಸು ನಮ್ಮ ಕಣಿವೆಗೆ ಬರಲು ನಲವತ್ತು ನಿಮಿಷ. ನಗರ ಮುಟ್ಟಲು ಮತ್ತೆರಡು ಗಂಟೆ. ಈ ಸಲ ನಾನೂ ಹೋದೆ. ಹೆರಿಗೆಗೆ ಎಂದು ಹೇಳಿಕೊಳ್ಳಬಹುದಿತ್ತಲ್ಲ, ಧೈರ್ಯ ಬಂದಿತ್ತು.

ಅಲ್ಲಿಯ ಡಾಕ್ಟರಮ್ಮ ನಡುವಯಸ್ಸಿನವಳು. ಕೇಳಿದ್ದನ್ನೇ ಕೇಳಿದಳು. "ಚಿಕ್ಕಂದಿನಲ್ಲಿ ಏನು ಆಪರೇಷನ್? ಯಾವ ಕವಾಟ ಹೊಲಿದಿದ್ರು? ಕಾಗದ ಎಲ್ಲಿ?"

"ಸುಟ್ಟು ಹೋಗಿದೆ" ಎಂದೆ.

"ಮನೆಗೆ ಬೆಂಕಿ ಬಿದ್ದಿತ್ತಾ?"

"ಇಲ್ಲ" ಎಂದೆ. ಅವಳು ನನ್ನ ಮುಖವನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು.

ಹೊಟ್ಟೆ ಕೊಯ್ದು ಮಗು ತೆಗೆದರು. ಹೆಣ್ಣು, ಮೂರೂವರೆ ಪೌಂಡು, ಕಿರುಚಿತು. ಟ್ವೈಲಾ ಉಳಿದಳು ಎಂದು ಡಾರ್ಸಿ ಗೋಡೆಗೆ ಹಣೆಯಿಟ್ಟು ಅತ್ತ. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಹೆತ್ತ ಮೇಲಿನ ಎರಡು ಮೂರು ದಿನವೇ ಇಂಥ ಹೃದಯಕ್ಕೆ ಕಷ್ಟ, ಮಗುವಿಗೆಂದು ಇದ್ದ ರಕ್ತವೆಲ್ಲ ತಿರುಗಿ ಅವಳ ಹೃದಯಕ್ಕೇ ಬರುತ್ತದೆ ಎಂದಳು. "ಒಂದು ತಿಂಗಳು ಮುಂಚೆ ತಂದಿದ್ರೆ ಹೇಗೋ ಮಾಡ್ತಿದ್ವಿ. ಒಂದು ವಾರ ಮುಂಚೆ ತಂದಿದ್ರೂ ಇಷ್ಟು ಕಷ್ಟ ಇರ್ತಿರಲಿಲ್ಲ" ಎಂದಳು. ಆ ಒಂದು ವಾರ ನನ್ನ ಕಾರಿನಲ್ಲೇ ಇತ್ತು.

ಶನಿವಾರ ಮಧ್ಯಾಹ್ನ ಮೂಗಿನ ಕೊಳವೆಯ ನಡುವೆ ಅವಳು ನನ್ನನ್ನು ಕರೆಸಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಆಂಟಿ, ನಿಮ್ಮ ಸಕ್ಕರೆ ಮಾತ್ರೆ ನನಗೆ ಗೊತ್ತು. ಎರಡು ವರ್ಷದ ಹಿಂದೆ ಗುಂಡಿ ಹುಡುಕೋಕೆ ಅಂತ ನಿಮ್ಮ ಡಬ್ಬಿ ತೆಗೆದಿದ್ದೆ. ಯಾರಿಗೂ ಹೇಳಿಲ್ಲ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಂದು ಮಾತು ಆಡಿದ್ದರೆ ಭಾನುವಾರ ನನ್ನನ್ನು ಎಬ್ಬಿಸಬಹುದಿತ್ತು. ಬಾಯಿ ಬಿಡದೆ ಕೂತಿದ್ದಳು ಹುಡುಗಿ.

"ಮಗು ಹೃದಯಾನೂ ನೋಡ್ಬೇಕಂತೆ. ತಾಯಿಗಿದ್ರೆ ಬರಬಹುದಂತೆ. ಡಾರ್ಸಿ ಒಬ್ಬನೇ ಅಪ್ಪನ ಎದುರು ನಿಲ್ಲಲ್ಲ, ನಿಮಗೆ ಗೊತ್ತಲ್ಲ. ನೀವು ಜೊತೆಗೆ ನಿಲ್ಲಿ. ಅದರ ಬಾಯಲ್ಲಿ ಸಾಕ್ಷಿ ಹೇಳಿಸ್ಬೇಡಿ ಆಂಟಿ."

"ದೇವರಾಣೆ ನಿಲ್ತೀನಿ" ಎಂದೆ. ಭಾನುವಾರ ಬೆಳಿಗ್ಗೆ, ನಮ್ಮ ಸಭೆಯಲ್ಲಿ ಹಾಡು ಶುರುವಾಗುವ ಹೊತ್ತಿಗೆ, ಅವಳು ಹೋದಳು.

ಮಣ್ಣು ಮಾಡಿದ ದಿನ ಬ್ರದರ್ ಎಲ್ಕಾನಾ ಸಣ್ಣ ದನಿಯಲ್ಲಿ ಹೇಳಿದರು: "ವಾಸಿಯಾದ ಹೃದಯಾನ ತಾನೇ ಬೇಡ ಅಂದ್ಳು. ದೇವರು ವಾಪಸ್ಸು ತಗೊಂಡ." ಆಮೆನ್ ಎಂದರು ಎಲ್ಲರೂ.

ಮಗುವಿಗೆ ಕೆಜೀಯಾ ಎಂದು ಹೆಸರಿಟ್ಟರು. ಒಂದು ತಿಂಗಳು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿದರು. ಡಾರ್ಸಿ ಗ್ಯಾರೇಜಿಗೆ ಹೋದಾಗ ನಾನೇ ನೋಡಿಕೊಳ್ಳುತ್ತೇನೆ. ಸಭೆಯಲ್ಲಿ ಮಗುವನ್ನು ದೇವರಿಗೆ ಒಪ್ಪಿಸುವ ಪ್ರತಿಷ್ಠೆಯ ಹಿಂದಿನ ದಿನ ಮಧ್ಯಾಹ್ನ ಡಾರ್ಸಿ ಬಂದು ಅಡುಗೆಮನೆಯಲ್ಲಿ ಕೂತ. ಕೈಯಲ್ಲಿ ಆಸ್ಪತ್ರೆಯ ಚೀಟಿ.

"ಮಂಗಳವಾರ ಕರ್ಕೊಂಬನ್ನಿ ಅಂದಿದ್ದಾರೆ. ಇವಳ ಎದೇಲೂ ಶಬ್ದ ಇದೆಯಂತೆ. ಈಗಲೇ ನೋಡಿದ್ರೆ ಸರಿ ಮಾಡಬಹುದಂತೆ. ಅಪ್ಪ ನಾಳೆ ಎಣ್ಣೆ ಹಚ್ತಾರೆ. ಹಚ್ಚಿ, ಗುಣ ಆಯ್ತು ಅಂತ ಯಾರಾದ್ರೂ ಸಾಕ್ಷಿ ಹೇಳಿದ ಮೇಲೆ ಹೋಗೋ ಹಾಗಿಲ್ಲ. ನೀವೊಬ್ರು ಎದೇಲಿ ಶಬ್ದ ಇದೆ ಅಂದ್ರೆ ಸಾಕು ಆಂಟಿ, ನಾನು ಎದ್ದು ನಿಲ್ತೀನಿ. ಈ ಸಲ ನಿಂತೇ ನಿಲ್ತೀನಿ."

"ಅಂತೀನಿ ಕಣೋ" ಎಂದೆ. ನಿಜವಾಗಿಯೂ ಹೇಳಬೇಕೆಂದೇ ಇದ್ದೆ.

ಭಾನುವಾರ ಸಭೆ ತುಂಬಿತ್ತು. ಬ್ರದರ್ ಮಗುವನ್ನು ನನ್ನ ಕೈಗೆ ಕೊಟ್ಟರು. ಹಣೆಗೆ, ಎದೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದರು. ಮೊಮ್ಮಗಳ ಮೇಲೆ ಅವರಿಗೂ ಆಸೆ, ಕಣ್ಣಲ್ಲಿ ನೀರಿತ್ತು. ನನ್ನ ಅಂಗೈ ಆ ಪುಟ್ಟ ಎದೆಯ ಮೇಲಿತ್ತು. ಒಳಗೆ ಬೆಕ್ಕು ಗುರುಗುಟ್ಟುವಂತೆ ಅದುರುತ್ತಿತ್ತು, ಒಂದೇ ಸಮನೆ.

"ಸಿಸ್ಟರ್ ವೆಲ್ಡಾ, ಮಗು ನಿಮ್ಮ ಕೈಲಿದೆ. ಎದೆ ಹೇಗಿದೆ? ಸಭೆ ಕೇಳ್ಲಿ, ಹೇಳಿ."

ಡಾರ್ಸಿ ಬೆಂಚಿನ ತುದಿಗೆ ಸರಿದಿದ್ದ. ಎರಡೂ ಕೈ ಮುಂದಿನ ಬೆಂಚಿನ ಮೇಲಿತ್ತು, ಏಳಲು. ಅವನು ನನ್ನನ್ನೇ ನೋಡುತ್ತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಶಾಂತವಾಗಿದೆ" ಎಂದೆ.

"ಆಮೆನ್!" ಎಂದು ಸಭೆ ಕೂಗಿತು. ಡಾರ್ಸಿಯ ಕೈ ಬೆಂಚಿನಿಂದ ಜಾರಿತು. ಎಲ್ಲರ ಆಮೆನ್ ಮುಗಿದ ಮೇಲೆ ಅವನ ಆಮೆನ್ ಕೇಳಿಸಿತು.

ನಾವು ಆಸ್ಪತ್ರೆಗೆ ಹೋಗದ ಆ ಮಂಗಳವಾರ ಕಳೆದು ಇಂದಿಗೆ ಹನ್ನೊಂದು ವಾರ. ಕೆಜೀಯಾ ಬಾಟಲಿ ಹಾಲು ಅರ್ಧ ಕುಡಿಯುವಷ್ಟರಲ್ಲಿ ಸೋತು ಬಾಯಿ ಬಿಡುತ್ತಾಳೆ. ಹಣೆಯೆಲ್ಲ ಬೆವರು. ನಾನು ಒರೆಸುತ್ತೇನೆ, ಸ್ವಲ್ಪ ಹೊತ್ತು ತಡೆದು ಮತ್ತೆ ಬಾಟಲಿ ಹಿಡಿಯುತ್ತೇನೆ.